ಮ್ಯಾಡ್ ಮ್ಯಾಕ್ಸ್‌ನ ಕಾರು, ಬಾದಾಮಿಯ ಕೆಂಪು ಕಲ್ಲು, ಶಂಕರ್‌ನಾಗ್ ಹೋದ ದಾರಿ

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ರಾತ್ರಿ ಹೊತ್ತು ಬೈಕ್ ಓಡಿಸಿದವರಿಗೆ ಈ ನೋಟ ಹೊಸದಲ್ಲ. ದೂರದಿಂದ ಮೊದಲು ಹಾಡು ಕೇಳುತ್ತದೆ. ಆಮೇಲೆ ಬಣ್ಣಬಣ್ಣದ ದೀಪ ಕಾಣುತ್ತದೆ. ಹತ್ತಿರ ಬಂದಾಗ ಗೊತ್ತಾಗುತ್ತದೆ, ಅದು ಟ್ರ್ಯಾಕ್ಟರ್ ಅಂತ. ಹಿಂದೆ ಎರಡು ಟ್ರೇಲರ್, ಅದರ ಮೇಲೆ ಗುಡ್ಡದಂತೆ ಕಬ್ಬು, ಮುಂದೆ ಬಾನೆಟ್ಟಿಗೆ ಹೂವಿನ ಹಾರ, ಮಡಗಾರ್ಡ್ ಮೇಲೆ ಆಳೆತ್ತರದ ಸ್ಪೀಕರ್. ಇಡೀ ಗಾಡಿ ಯುದ್ಧಕ್ಕೆ ಹೊರಟ ರಥ. ಕೊನೆಯ ಟ್ರೇಲರಿನ ಹಿಂದೆ ಮಾತ್ರ ಎಷ್ಟೋ ಸಲ ಒಂದು ಕೆಂಪು ದೀಪವೂ ಇರುವುದಿಲ್ಲ.

ಇಂಥ ಗಾಡಿಗಳನ್ನು ಇಂಗ್ಲಿಷ್ ಸಿನಿಮಾದಲ್ಲಿ ನೋಡಿ ನಮ್ಮ ಹುಡುಗರು ಬಾಯಿ ಬಿಡುತ್ತಾರೆ. ಆ ಸಿನಿಮಾದ ಹೆಸರು ‘ಮ್ಯಾಡ್ ಮ್ಯಾಕ್ಸ್’. ಮರುಭೂಮಿ, ತುಕ್ಕು ಹಿಡಿದ ಕಾರು, ಪೆಟ್ರೋಲಿಗಾಗಿ ಬಡಿದಾಟ. ಮುಂದೆ ಬರುವ ಕಾಲದ ಕಥೆ ಎನ್ನುತ್ತಾರೆ, ಆದರೆ ನೋಡಿದರೆ ಹಳೇ ಕೌಬಾಯ್ ಸಿನಿಮಾದ ಹಾಗೇ ಇದೆ. ಕುದುರೆಯ ಜಾಗಕ್ಕೆ ಕಾರು ಬಂದಿದೆ, ಅಷ್ಟೇ.

ಈ ಸಿನಿಮಾ ಹುಟ್ಟಿದ ಕಥೆ ನಮ್ಮ ಕಡೆಯವರು ಕೇಳಬೇಕಾದದ್ದು. ಯಾಕೆಂದರೆ ಅದು ದೊಡ್ಡ ಸ್ಟುಡಿಯೋದ ಕಥೆಯಲ್ಲ. ಸಾಲಸೋಲ, ಪೊರಕೆ, ಸ್ವಂತ ವ್ಯಾನಿನ ಕಥೆ. ಜೊತೆಗೆ ಅದೇ ಹೊತ್ತಿಗೆ ಕರ್ನಾಟಕದಲ್ಲಿ ಒಬ್ಬ ಹುಡುಗ ತನ್ನ ಮೊದಲ ಸಿನಿಮಾ ಮಾಡಿದ, ಅದೂ ಕಾರುಗಳ ಸುತ್ತಲೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಜಾರ್ಜ್ ಮಿಲ್ಲರ್ ಬೆಳೆದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಸೀಮೆಯ ಚಿಂಚಿಲ್ಲ ಎಂಬ ಸಣ್ಣ ಊರಿನಲ್ಲಿ. ಗ್ರೀಸ್‌ನಿಂದ ಹೊಟ್ಟೆಪಾಡಿಗೆ ವಲಸೆ ಬಂದ ಕುಟುಂಬ. ಸುತ್ತ ಬಯಲು, ಗೆರೆ ಎಳೆದಂಥ ನೇರ ರಸ್ತೆ, ಶನಿವಾರ ರಾತ್ರಿ ಕಾರು ಹತ್ತಿ ಜೋರಾಗಿ ಓಡಿಸುವ ಹುಡುಗರು. ಮೀಸೆ ಪೂರ್ತಿ ಮೂಡುವ ಮುಂಚೆಯೇ ಅವನ ಓರಗೆಯವರು ಕೆಲವರು ರಸ್ತೆಯಲ್ಲಿ ಸತ್ತಿದ್ದರು, ಇನ್ನು ಕೆಲವರು ಕೈಕಾಲು ಕಳಕೊಂಡಿದ್ದರು. ಆಮೇಲೆ ಅವನು ಡಾಕ್ಟರ್ ಓದಿ ಸಿಡ್ನಿಯ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸಕ್ಕೆ ನಿಂತ. ಅಲ್ಲಿಗೂ ಬಂದದ್ದು ಅದೇ ಕಾರು, ಅದೇ ರಕ್ತ.

1971ರಲ್ಲಿ ಒಂದು ಸಿನಿಮಾ ಶಿಬಿರದಲ್ಲಿ ಅವನಿಗೆ ಬೈರನ್ ಕೆನಡಿ ಎಂಬ ಗೆಳೆಯ ಸಿಕ್ಕ. ಇಬ್ಬರೂ ಸೇರಿ ಒಂದು ಕಾರಿನ ಸಿನಿಮಾ ಮಾಡಬೇಕೆಂದು ನಿಶ್ಚಯಿಸಿದರು. ದುಡ್ಡು ಎಲ್ಲಿಂದ? ಮಿಲ್ಲರ್ ರಾತ್ರಿ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸ ಹಿಡಿದ. ಕಾರು ಓಡಿಸುತ್ತಿದ್ದವನು ಕೆನಡಿ. ಹೀಗೆ ತಿಂಗಳುಗಟ್ಟಲೆ ದುಡಿದರು. ಉಳಿದದ್ದನ್ನು ಪರಿಚಯದವರಿಂದ, ಸಣ್ಣ ಹಣ ಹೂಡುವವರಿಂದ ಕೂಡಿಸಿದರು. ಒಟ್ಟು ಬಜೆಟ್ ಆಸ್ಟ್ರೇಲಿಯಾದ ಡಾಲರಿನಲ್ಲಿ ಮೂರೂವರೆಯಿಂದ ನಾಲ್ಕು ಲಕ್ಷ. ಆಗಿನ ರೂಪಾಯಿ ಲೆಕ್ಕ ಹಾಕಿದರೆ 30–40 ಲಕ್ಷದ ಒಳಗೆ. ಅದಕ್ಕೂ ಒಂದೆರಡು ವರ್ಷ ಮುಂಚೆ, 1975ರಲ್ಲಿ ಬಿಡುಗಡೆಯಾದ ನಮ್ಮ ‘ಶೋಲೆ’ಗೆ ಸುಮಾರು 3 ಕೋಟಿ ಖರ್ಚಾಗಿತ್ತು ಎಂಬ ಮಾತಿದೆ. ಹೋಲಿಸಿಕೊಳ್ಳಿ.

ಕಥೆ ಬರೆಯಲು ಜೊತೆಯಾದವನು ಜೇಮ್ಸ್ ಮೆಕಾಸ್ಲಂಡ್, ಒಬ್ಬ ಪತ್ರಕರ್ತ. ನಮ್ಮಂಥ ಪತ್ರಿಕೋದ್ಯಮ ಓದಿದವರಿಗೆ ಇದು ಹೆಮ್ಮೆಯ ವಿಷಯ, ಹೇಳದೆ ಇರಲಾರೆ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ ಜಗತ್ತಿನಾದ್ಯಂತ ಪೆಟ್ರೋಲಿಗೆ ಹಾಹಾಕಾರ ಎದ್ದಿತ್ತು. ಬಂಕಿನ ಮುಂದೆ ಸರದಿಯಲ್ಲಿ ನಿಂತ ಸಭ್ಯ ಜನ, ಯಾರಾದರೂ ಮಧ್ಯೆ ನುಗ್ಗಿದರೆ ಹೇಗೆ ಮೃಗಗಳಾಗುತ್ತಾರೆ ಎಂಬುದನ್ನು ಮೆಕಾಸ್ಲಂಡ್ ಕಣ್ಣಾರೆ ನೋಡಿದ್ದ. ಅದನ್ನೇ ನಾಲ್ಕು ಹೆಜ್ಜೆ ಮುಂದಕ್ಕೆ ಎಳೆದ. ಸಿನಿಮಾದ ‘ಭವಿಷ್ಯ’ ಅಂದರೆ ಇಷ್ಟೇ: ಇವತ್ತಿನ ಸರದಿ ನಾಳೆ ಇನ್ನೂ ಉದ್ದವಾದರೆ?

ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಆಸ್ಟ್ರೇಲಿಯಾ ಬೇಕಿಲ್ಲ. ಮುಂಗಾರು ಬಿದ್ದ ವಾರ ಗೊಬ್ಬರದಂಗಡಿ ಮುಂದೆ ನಸುಕಿನಿಂದ ಚಪ್ಪಲಿ ಇಟ್ಟು ಪಾಳಿ ಹಿಡಿದವರು ನಾವು. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿದ್ದು ಯಾರೂ ಮರೆತಿಲ್ಲ.

ಚಿತ್ರೀಕರಣ 1977ರ ಕೊನೆಯಲ್ಲಿ ಮೆಲ್ಬರ್ನ್ ಸುತ್ತಮುತ್ತ ಶುರುವಾಯಿತು. ಹೀರೋ ಮೆಲ್ ಗಿಬ್ಸನ್, ಆಗಷ್ಟೇ ನಾಟಕ ಶಾಲೆಯಿಂದ ಹೊರಬಿದ್ದ ಹುಡುಗ. ಕಾರುಗಳು ಯಾವುವು ಗೊತ್ತೇ? ಫೋರ್ಡ್ ಫಾಲ್ಕನ್. ಅಲ್ಲಿ ಅದು ಮಕ್ಕಳನ್ನು ಶಾಲೆಗೆ ಬಿಡುವ, ಭಾನುವಾರ ಚರ್ಚಿಗೆ ಹೋಗುವ ಮನೆಗಾಡಿ, ನಮ್ಮಲ್ಲಿ ಅಂಬಾಸಿಡರ್ ಇದ್ದ ಹಾಗೆ. ಪೊಲೀಸರು ಬಳಸಿ ಬಿಟ್ಟ ಹಳೇ ಫಾಲ್ಕನ್‌ಗಳಿಗೆ ಹಳದಿ ಬಣ್ಣ ಬಳಿದರು. 1973ರ ಮಾದರಿಯ ಎರಡು ಬಾಗಿಲಿನ ಒಂದು ಫಾಲ್ಕನ್‌ಗೆ ಕಪ್ಪು ಬಣ್ಣ ಬಳಿದು, ಬಾನೆಟ್ ಮೇಲೆ ಗಾಳಿಯಂತ್ರ ಕೂರಿಸಿದರು. ಇವತ್ತು ಆ ಕಪ್ಪು ಕಾರಿನ ಆಟಿಕೆ ಜಗತ್ತಿನ ತುಂಬ ಮಾರಾಟವಾಗುತ್ತದೆ. ಹಳೇ ಗಾಡಿಗೆ ಪೇಂಟ್ ಹೊಡೆಸಿ ‘ಹೊಸದು’ ಎಂದು ಹೇಳುವ ಕಲೆ ನಮ್ಮ ಗ್ಯಾರೇಜುಗಳಿಗೆ ಹೊಸದಲ್ಲ, ಕ್ಯಾಮೆರಾ ಮಾತ್ರ ಇರಲಿಲ್ಲ.

ಉಳಿತಾಯದ ಕಥೆಗಳು ನಗು ತರಿಸುತ್ತವೆ. ಒಂದೆರಡು ಮುಖ್ಯ ನಟರಿಗೆ ನಿಜವಾದ ಚರ್ಮದ ಉಡುಪು, ಉಳಿದ ಪೊಲೀಸರಿಗೆ ರೆಕ್ಸಿನ್. ಖಳರ ಗುಂಪಿಗೆ ನಿಜವಾದ ಬೈಕ್ ಸವಾರರ ಸಂಘದವರನ್ನೇ ಕರೆದರು, ಕೆಲವರಿಗೆ ಕೂಲಿ ಬಿಯರಿನಲ್ಲಿ. ಮೊದಲ ದೃಶ್ಯದ ಬೆನ್ನಟ್ಟುವಿಕೆಯಲ್ಲಿ ನುಜ್ಜುಗುಜ್ಜಾಗುವ ನೀಲಿ ವ್ಯಾನ್ ನಿರ್ದೇಶಕ ಮಿಲ್ಲರ್‌ನ ಸ್ವಂತದ್ದು. ಅನುಮತಿ ಇಲ್ಲದೆ ಕೆಲವು ರಸ್ತೆಗಳಲ್ಲಿ ಚಿತ್ರೀಕರಿಸಿದರು. ಸಂಜೆ ಎಲ್ಲರೂ ಹೋದ ಮೇಲೆ ನಿರ್ದೇಶಕ, ನಿರ್ಮಾಪಕ ಇಬ್ಬರೇ ಪೊರಕೆ ಹಿಡಿದು ರಸ್ತೆಯ ಮೇಲಿನ ಗಾಜಿನ ಚೂರು ಗುಡಿಸುತ್ತಿದ್ದರು. ಎಡಿಟಿಂಗ್ ನಡೆದದ್ದು ಮನೆಯಲ್ಲಿ, ಕೆನಡಿಯ ಎಂಜಿನಿಯರ್ ತಂದೆ ಕೈಯಾರೆ ಕಟ್ಟಿಕೊಟ್ಟ ಯಂತ್ರದ ಮೇಲೆ.

ಎಲ್ಲವೂ ನಗುವಿನ ಮಾತಲ್ಲ. ಚಿತ್ರೀಕರಣದ ಮೊದಲ ದಿನಗಳಲ್ಲೇ ಬೈಕ್ ಅಪಘಾತವಾಗಿ ಸಾಹಸ ನಿರ್ದೇಶಕನ ಕಾಲು ಮುರಿಯಿತು, ನಾಯಕಿಯ ಕಾಲೂ ಮುರಿಯಿತು. ಬೇರೆ ನಾಯಕಿಯನ್ನು ತರಬೇಕಾಯಿತು. ರಸ್ತೆಯಲ್ಲಿ ಸಾಯುವವರ ಬಗ್ಗೆ ಸಿನಿಮಾ ಮಾಡುತ್ತೇನೆಂದು ಹೊರಟ ಡಾಕ್ಟರಿಗೆ ರಸ್ತೆ ಮೊದಲೇ ತನ್ನ ಗುರುತು ತೋರಿಸಿತು.

1979ರ ಏಪ್ರಿಲ್‌ನಲ್ಲಿ ಸಿನಿಮಾ ಬಂತು. ಜಗತ್ತಿನಾದ್ಯಂತ ಹತ್ತು ಕೋಟಿ ಡಾಲರ್ ದಾಟಿ ಗಳಿಸಿತು. ಹಾಕಿದ ದುಡ್ಡಿಗೆ ಬಂದ ಲಾಭದ ಲೆಕ್ಕದಲ್ಲಿ ಇಪ್ಪತ್ತು ವರ್ಷ ಗಿನ್ನೆಸ್ ದಾಖಲೆ ಅದರದ್ದೇ.

ಈಗ ನಮ್ಮ ಕಡೆ ಬರೋಣ.

ಕೌಬಾಯ್ ಸಿನಿಮಾ ಅಮೆರಿಕದ್ದು ಎನ್ನುವುದು ಅರ್ಧ ಸತ್ಯ. ಜಪಾನಿನ ಅಕಿರಾ ಕುರೊಸಾವಾ ಸಮುರಾಯ್ ಯೋಧರ ಕಥೆ ಮಾಡಿದ. ಇಟಲಿಯ ಸರ್ಜಿಯೊ ಲಿಯೊನೆ ಅದನ್ನೇ ಎತ್ತಿಕೊಂಡು 1964ರಲ್ಲಿ ಸ್ಪೇನ್ ದೇಶದ ಒಣಗುಡ್ಡಗಳಲ್ಲಿ, ಪುಡಿಗಾಸಿನಲ್ಲಿ, ಕೌಬಾಯ್ ಸಿನಿಮಾ ಮಾಡಿದ. ಅಲ್ಲಿಂದ ಅದು ಯಾರ ಆಸ್ತಿಯೂ ಅಲ್ಲದಂತಾಯಿತು. ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಬಂತು. ಕನ್ನಡದಲ್ಲಿ ಅದಕ್ಕೂ ಮುಂಚೆ, 1973ರಲ್ಲಿ, ದ್ವಾರಕೀಶ್ ‘ಕೌಬಾಯ್ ಕುಳ್ಳ’ ಆಗಿದ್ದರು. 1978ರಲ್ಲಿ ಗಿರೀಶ ಕಾರ್ನಾಡರು ಕುರೊಸಾವಾನಿಗೆ ಗೌರವವಾಗಿ ‘ಒಂದಾನೊಂದು ಕಾಲದಲ್ಲಿ’ ಮಾಡಿದರು. ಹೊಯ್ಸಳರ ಕಾಲದ ಬಾಡಿಗೆ ಸೈನಿಕರ ಕಥೆ. ಕುದುರೆ, ಕತ್ತಿ, ಒಂಟಿ ಯೋಧ. ಅದರಲ್ಲಿ ಗಂಡುಗಲಿಯಾಗಿ ಬಂದ ಹೊಸ ಹುಡುಗನಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಸಿಕ್ಕಿತು.

ಆ ಹುಡುಗ ಶಂಕರ್‌ನಾಗ್.

ಅವರು ಮೊದಲ ಸಲ ನಿರ್ದೇಶಕರಾಗಿ ಕೂತಾಗ ಆರಿಸಿಕೊಂಡದ್ದು ರಾಜರ ಕಥೆಯಲ್ಲ, ಪ್ರೇಮಕಥೆಯೂ ಅಲ್ಲ. ಕಾರು ಕಳ್ಳರ ಕಥೆ. 1980ರ ‘ಮಿಂಚಿನ ಓಟ’. ಅನಂತ್‌ನಾಗ್, ಶಂಕರ್‌ನಾಗ್, ಲೋಕನಾಥ್ ಮೂವರೂ ಸೇರಿ ಕಾರು ಕದಿಯುತ್ತಾರೆ, ರೂಪ ಬದಲಿಸುತ್ತಾರೆ, ಮಾರುತ್ತಾರೆ. ಸಿಕ್ಕಿಬಿದ್ದು ಜೈಲು ಸೇರುತ್ತಾರೆ, ಜೈಲಿನಿಂದ ಓಡುತ್ತಾರೆ. ಹೀರೋಗೆ ಜಯಕಾರ ಹಾಕುವ ಸಿನಿಮಾ ಅಲ್ಲ. ರಾಜ್ಯ ಪ್ರಶಸ್ತಿಗಳು ಬಂದವು.

ಆ ಕಾಲದಲ್ಲಿ ಕಾರು ಅಂದರೆ ಏನಾಗಿತ್ತು ಎಂದು ಈಗಿನ ಹುಡುಗರಿಗೆ ಹೇಳಬೇಕು. ದೇಶದಲ್ಲಿ ಹೆಚ್ಚುಕಮ್ಮಿ ಎರಡೇ ಕಾರು: ಬಂಗಾಳದಲ್ಲಿ ತಯಾರಾಗುವ ಅಂಬಾಸಿಡರ್, ಮುಂಬಯಿಯಲ್ಲಿ ತಯಾರಾಗುವ ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಕಾರು ಕಳ್ಳತನವೆಂದರೆ ಒಂದು ಕುಟುಂಬದ ವರ್ಷಗಳ ಕಾಯುವಿಕೆಯನ್ನೇ ಕದ್ದಂತೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಅಲ್ಲಿಂದ ಮಧ್ಯಮ ವರ್ಗದ ಮನೆ ಮುಂದೆ ಕಾರು ನಿಲ್ಲತೊಡಗಿತು.

ನಮ್ಮ ಕಡೆ ಹಾಗಲ್ಲ. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ‘ಮನೆ ಕಾರು’ ಎಂಬುದು ಬಹಳ ಕಾಲ ಯಾವ ಮನೆಯದ್ದೂ ಆಗಿರಲಿಲ್ಲ. ಮದುವೆ ದಿಬ್ಬಣಕ್ಕೆ ಬಾಡಿಗೆ ಟೆಂಪೋ, ದವಾಖಾನೆಗೆ ಟ್ರ್ಯಾಕ್ಸ್, ಸಂತೆಗೆ ಟಂಟಂ. ಬನಶಂಕರಿ ಜಾತ್ರೆಗೆ ಒಂದು ಕಾಲಕ್ಕೆ ಸವಾರಿ ಬಂಡಿ, ಆಮೇಲೆ ಟ್ರ್ಯಾಕ್ಟರ್ ಟ್ರೇಲರ್. ಕೆಳಗೆ ಹುಲ್ಲು, ಅದರ ಮೇಲೆ ಗುಡಾರ, ಅದರ ಮೇಲೆ ಅಜ್ಜಿಯಿಂದ ಹಿಡಿದು ಎದೆಹಾಲಿನ ಕೂಸಿನವರೆಗೆ ಇಡೀ ಮನೆತನ. ರೊಟ್ಟಿ ಬುತ್ತಿ ನಡುವೆ. ಖಂಡೇನವಮಿಗೆ ಅದೇ ಟ್ರ್ಯಾಕ್ಟರಿಗೆ ಕುಂಕುಮ, ಗಾಲಿಗೆ ನಿಂಬೆಹಣ್ಣು, ಹಿಂದೆ ‘ತಂದೆ ತಾಯಿ ಆಶೀರ್ವಾದ’. ಕಾರಿನ ಸಂಸ್ಕೃತಿ ಎಂದು ಬೇರೆ ದೇಶದವರು ಪುಸ್ತಕ ಬರೆಯುತ್ತಾರಲ್ಲ, ನಮ್ಮದು ಇದು.

ಇದು ಸಿನಿಮಾ ಆಗಿಲ್ಲ. ನಮ್ಮ ನೆಲ ಮಾತ್ರ ಆಗಿದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ್ದು. ಸಂಜೆ ಐದರ ಬಿಸಿಲಿಗೆ ಅದು ಕೆಂಡದಂತೆ ಹೊಳೆಯುತ್ತದೆ. ಮಣಿರತ್ನಂ ‘ಗುರು’ವಿನ ಒಂದಷ್ಟು ಭಾಗ ಇಲ್ಲಿ ತೆಗೆದರು, ಅದು 2007ರಲ್ಲಿ ಬಂತು. 2012ರ ‘ರೌಡಿ ರಾಥೋಡ್’ ತಂಡವೂ ಬಂದು ಹೋಯಿತು. ಇನ್ನು ಕಥೆಯಾಗಿ ನಾವು ತೆರೆಗೆ ಬಂದದ್ದು ಹೆಚ್ಚಾಗಿ ಚಾಲುಕ್ಯರ ಹೆಸರಲ್ಲಿ, 1967ರ ‘ಇಮ್ಮಡಿ ಪುಲಿಕೇಶಿ’ಯಂಥದ್ದರಲ್ಲಿ. ಅಂದರೆ ಹೊರಗಿನವರಿಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಅಂದರೆ ಹಿಂದಿನ ಕಾಲ. ಆರನೇ ಶತಮಾನ. ಇಲ್ಲಿ ಇವತ್ತು ಜನ ಇದ್ದಾರೆ, ನಾಳೆಯೂ ಇರುತ್ತಾರೆ ಎಂಬುದು ಯಾರ ಕ್ಯಾಮೆರಾಕ್ಕೂ ಹೊಳೆದಂತಿಲ್ಲ.

ನನ್ನ ಮಾತು ಉತ್ಪ್ರೇಕ್ಷೆ ಎನಿಸಿದರೆ ಬಾಗಲಕೋಟೆ ಊರನ್ನೇ ನೋಡಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಆಲಮಟ್ಟಿಯ ಹಿನ್ನೀರು ಏರಿದಂತೆ ಹಳೇ ಬಾಗಲಕೋಟೆಯ ಓಣಿಗಳು ಖಾಲಿಯಾದವು. ಬಾಗಿಲು, ಕಿಟಕಿ, ತೊಲೆ ಬಿಚ್ಚಿಕೊಂಡು ಜನ ಹೊರಟರು. ದೂರದ ಬಯಲಲ್ಲಿ ನವನಗರ ಎದ್ದಿತು, ಅದರ ನಕ್ಷೆ ಹಾಕಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಮನೆ ಎಲ್ಲಿ ಎಂದರೆ ಕಿಲ್ಲಾ ಓಣಿ ಎನ್ನುತ್ತಿದ್ದವರು ಈಗ ನಂಬರ್ ಹೇಳುತ್ತಾರೆ. 2010ರಲ್ಲಿ ನ್ಯಾಯಾಧಿಕರಣ ಅಣೆಕಟ್ಟೆಯ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ಒಪ್ಪಿದೆ. ಆ ನಾಲ್ಕೂವರೆ ಮೀಟರಿನ ನೆರಳಿನಲ್ಲಿ ಇನ್ನೂ ಎಷ್ಟೋ ಊರು ಕೂತಿವೆ. ಮನೆ ರಿಪೇರಿ ಮಾಡಿಸಬೇಕೋ ಬೇಡವೋ ಎಂದು ತಿಳಿಯದೆ.

ಮುಳುಗಿದ ಊರು, ನಂಬರಿನ ಊರು, ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ಹೊರಟ ಕುಟುಂಬ. ಮಿಲ್ಲರ್‌ಗೆ ಇದನ್ನು ಕಲ್ಪಿಸಿಕೊಳ್ಳಬೇಕಾಯಿತು. 2015ರ ‘ಫ್ಯೂರಿ ರೋಡ್’ಗೆ ಮರುಭೂಮಿ ಬೇಕಾದಾಗ ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ಅಕಾಲ ಮಳೆ ಬಿದ್ದು ಹೂವರಳಿಬಿಟ್ಟಿತು. ಪಾಪ, ಇಡೀ ತಂಡ ಗಾಡಿಗಳ ಸಮೇತ ಆಫ್ರಿಕಾದ ನಮೀಬಿಯಾಕ್ಕೆ ಹೋಗಬೇಕಾಯಿತು. ನಮ್ಮ ಹುನಗುಂದ ತಾಲ್ಲೂಕಿನ ಬೇಸಿಗೆಯನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಹಾಗಾದರೆ ನಾವೇ ಮಾಡಿದರೆ? ದುಡ್ಡಿನ ನೆಪ ಈಗ ಮೊದಲಿನಷ್ಟು ಗಟ್ಟಿಯಲ್ಲ. 2013ರಲ್ಲಿ ಪವನ್ ಕುಮಾರ್ ಜನರಿಂದಲೇ ಅರ್ಧ ಕೋಟಿಯಷ್ಟು ಕೂಡಿಸಿ ‘ಲೂಸಿಯಾ’ ಮಾಡಿದರು. 2015ರ ‘ತಿಥಿ’ಯಲ್ಲಿ ಮಂಡ್ಯ ಸೀಮೆಯ ಹಳ್ಳಿ ಜನರೇ ನಟರು. ಸ್ಮಾರಕದ ಒಳಗೆ ಕ್ಯಾಮೆರಾ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ನಿಜ. ಆದರೆ ಇಳಕಲ್ಲಿನ ಕೆಂಪು ಗ್ರಾನೈಟ್ ಕಡಿದು ಬಿಟ್ಟ ಕ್ವಾರಿಗಳ ಆಳ, ಅಲ್ಲಿ ನಿಂತ ಮಳೆನೀರು, ಅಂಚಿನಲ್ಲಿ ಒಂಟಿ ಕ್ರೇನ್ ಇವು ಯಾವ ಶತಮಾನದ ಸ್ಮಾರಕವೂ ಅಲ್ಲ. ಮಾಲೀಕರನ್ನು ಕೇಳಿದರೆ ಸಾಕು.

ಆದರೆ ಒಂದು ವಿಷಯದಲ್ಲಿ ನನಗೆ ತಕರಾರಿದೆ. ಕಾರನ್ನು ಸಂಭ್ರಮಿಸುವ ಸಿನಿಮಾ ಎಂದಾಗ ಕ್ಯಾಮೆರಾ ಕಾರಿನ ಒಳಗೆ ಕೂರುತ್ತದೆ. ಹೊರಗೆ ರಸ್ತೆ ಪಕ್ಕ ನಡೆಯುವವನು ಧೂಳಿನಲ್ಲಿ ಹಿಂದೆ ಉಳಿಯುತ್ತಾನೆ. ಶಂಕರ್‌ನಾಗ್ ಇದನ್ನು ಬೇಗ ಕಂಡುಕೊಂಡರು. ‘ಮಿಂಚಿನ ಓಟ’ದ ನಾಲ್ಕೈದು ವರ್ಷಕ್ಕೆ ಅವರು ‘ಆಕ್ಸಿಡೆಂಟ್’ ಮಾಡಿದರು. ಅಮಲಿನಲ್ಲಿದ್ದ ರಾಜಕಾರಣಿಯ ಮಗನ ಕಾರು ಫುಟ್‌ಪಾತಿನ ಮೇಲೆ ಮಲಗಿದ್ದ ಕೂಲಿಜನರ ಮೇಲೆ ಹರಿಯುತ್ತದೆ. ಅಧಿಕಾರ ಕೇಸು ಮುಚ್ಚುತ್ತದೆ. ಬೆನ್ನುಹತ್ತುವ ಪತ್ರಕರ್ತನ ಪಾತ್ರ ಸ್ವತಃ ಶಂಕರ್‌ನಾಗ್‌ರದು. ಹಾಡಿಲ್ಲ, ಕುಣಿತವಿಲ್ಲ. ಸಾಮಾಜಿಕ ವಿಷಯದ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು.

ಫುಟ್‌ಪಾತಿನ ಮೇಲೆ ಮಲಗಿದವರು ಯಾರು? ಹುನಗುಂದ, ಬಾದಾಮಿ ತಾಲ್ಲೂಕುಗಳ ತಾಂಡಾಗಳಿಂದ, ಒಣಬೇಸಾಯದ ಊರುಗಳಿಂದ ದೀಪಾವಳಿ ಮುಗಿದ ಮೇಲೆ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವವರನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡಿದವರಿಗೆ ಆ ಮುಖಗಳು ಗುರುತು ಹತ್ತುತ್ತವೆ. ಸಿನಿಮಾ ನೋಡುವಾಗ ನಾವು ಯಾವ ಕಡೆ ಇದ್ದೇವೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

1990ರ ಸೆಪ್ಟೆಂಬರ್ 30ರ ನಸುಕು. ‘ಜೋಕುಮಾರಸ್ವಾಮಿ’ಯ ಚಿತ್ರೀಕರಣಕ್ಕೆಂದು ಶಂಕರ್‌ನಾಗ್ ಉತ್ತರ ಕರ್ನಾಟಕದ ಕಡೆ ಹೊರಟಿದ್ದರು. ಕಾರಿನಲ್ಲಿ ಪತ್ನಿ ಅರುಂಧತಿ, ಪುಟ್ಟ ಮಗಳು. ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಅಪಘಾತವಾಯಿತು. ಹೆಂಡತಿ, ಮಗಳು ಉಳಿದರು. ಅವರು ಉಳಿಯಲಿಲ್ಲ. ಆಗಿನ್ನೂ 36 ತುಂಬಿರಲಿಲ್ಲ. ಅತ್ತ ಮಿಲ್ಲರ್‌ನ ಗೆಳೆಯ ಬೈರನ್ ಕೆನಡಿ 1983ರಲ್ಲೇ ಹೆಲಿಕಾಪ್ಟರ್ ಅಪಘಾತದಲ್ಲಿ ಹೋಗಿದ್ದ.

ಜೋಕುಮಾರ ನಮ್ಮ ಸೀಮೆಯ ದೇವರು. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವವನು, ಏಳೇ ದಿನ ಬದುಕಿ ಸಾಯುವವನು. ಚಂದ್ರಶೇಖರ ಕಂಬಾರರು ಅವನನ್ನು ನಾಟಕಕ್ಕೆ ತಂದರು. ಬೆಂಗಳೂರಿನಿಂದ ಅವನನ್ನು ಹುಡುಕಿಕೊಂಡು ನಮ್ಮ ಕಡೆ ಬರುತ್ತಿದ್ದ ಆ ಕಾರು ಅರ್ಧ ದಾರಿಯಲ್ಲಿ ನಿಂತಿತು.

ಅವರು ‘ಆಟೋ ರಾಜ’ ಆಗಿದ್ದದ್ದು 1980ರಲ್ಲಿ. ಇವತ್ತಿಗೂ ರಾಜ್ಯದ ಆಟೋಗಳ ಹಿಂದೆ ಶಂಕರಣ್ಣನ ಮುಖ ಇದೆ. ಮೊನ್ನೆ ಹುನಗುಂದದಿಂದ ಇಳಕಲ್ಲಿಗೆ ಹೊರಟಿದ್ದೆ. ಸೋಲಾಪುರ ಹೆದ್ದಾರಿಯಲ್ಲಿ ಮುಂದೆ ಗ್ರಾನೈಟ್ ಲಾರಿ, ಒಂದೇ ಒಂದು ಕಲ್ಲು ಹೊತ್ತು ಏದುಸಿರು ಬಿಡುತ್ತಿತ್ತು. ಅದರ ಪಕ್ಕದಲ್ಲಿ ಒಂದು ಆಟೋ ನುಗ್ಗಲು ಹವಣಿಸುತ್ತಿತ್ತು. ಒಳಗೆ ಇಳಕಲ್ ಸೀರೆ ಉಟ್ಟ ನಾಲ್ಕು ಹೆಂಗಸರು, ಮಡಿಲಲ್ಲಿ ಮಕ್ಕಳು, ಡ್ರೈವರನ ಎರಡೂ ಪಕ್ಕ ಗಂಡಸರು. ಹಿಂದಿನ ರೆಕ್ಸಿನ್ ಮೇಲೆ ಬಿಸಿಲಿಗೆ ಮಾಸಿದ ಶಂಕರಣ್ಣ, ಕಪ್ಪು ಕನ್ನಡಕ. ಆಟೋ ಸ್ವಲ್ಪ ಹೊತ್ತು ಹಾರ್ನ್ ಹೊಡೆಯಿತು. ಆಮೇಲೆ ಯಾಕೋ ಮನಸ್ಸು ಬದಲಿಸಿ ಲಾರಿಯ ಹಿಂದೆಯೇ ಉಳಿಯಿತು. ನಾನೂ ಅದರ ಹಿಂದೆ, ಇಳಕಲ್ ಬರುವವರೆಗೆ.